ಸುರುಳಿ ಸುತ್ತಿ ಒಯ್ಯುವ ಗೋಡೆ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



"ಮನೆ ಅಲಂಕಾರದ ಬಗ್ಗೆ ಏನಾದರೂ ಮಾತಾಡಿ, ಆದರೆ ಇಂಟೀರಿಯರ್ ಡಿಸೈನರ್ ಥರ ಬೇಡ" ಎಂದು ಕಾರ್ಯದರ್ಶಿಯವರು ಹೇಳಿದ್ದರು. ಆ ಭಯ ಅವರಿಗೆ ಬೇಡ. ನಾನು ಡಿಸೈನರ್ ಅಲ್ಲ. ಎಂಟೆಕ್ ಓದಿ ಇಲ್ಲೇ ಪುಣೆಯಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಗೋಡೆಗೆ ತೂಗುಹಾಕುವ ಒಂದು ಬಗೆಯ ಬಟ್ಟೆಯ ಬೆನ್ನು ಹತ್ತಿ ನಾಲ್ಕೈದು ವರ್ಷವಾಯಿತು ಅಷ್ಟೆ. ಓದಿದ್ದು, ನೋಡಿದ್ದು, ಮನೆಯಲ್ಲಿ ಮಾಡಿದ್ದು, ಈ ಮೂರನ್ನೂ ಸೇರಿಸಿ ಹೇಳುತ್ತೇನೆ.

ಟ್ಯಾಪೆಸ್ಟ್ರಿ ಎಂಬ ಮಾತು ಆನ್‌ಲೈನ್ ಅಂಗಡಿಗಳ ಕೃಪೆಯಿಂದ ಈಗ ಎಲ್ಲರಿಗೂ ಗೊತ್ತು. ಹುಡುಕಿದರೆ ಸಾವಿರ ಚಿತ್ರ ಬರುತ್ತವೆ. ಮಂಡಲ, ಚಂದ್ರ, ಕಾಡು, ಆನೆ. ಅವುಗಳ ನಡುವೆ ಒಂದು ಬಗೆ ಬೇರೆಯಾಗಿ ಕಾಣುತ್ತದೆ. ಕೆಂಪು ಅಥವಾ ಕಡುನೀಲಿ ಹಿನ್ನೆಲೆ, ಅದರ ತುಂಬ ಪುಟ್ಟಪುಟ್ಟ ಹೂಗಿಡ, ಉದ್ದ ನಿಲುವಂಗಿಯ ಹೆಂಗಸು, ಪಕ್ಕದಲ್ಲಿ ಒಂಟಿ ಕೋಡಿನ ಬಿಳಿ ಕುದುರೆ. ಇದು ಯುರೋಪಿನ ಮಧ್ಯಯುಗದ ಶೈಲಿ. ಇವತ್ತಿನ ನನ್ನ ಮಾತು ಇದರ ಬಗ್ಗೆ.

ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತವರಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಕೈ ಕಾಣುತ್ತಿವೆ. ನಮ್ಮ ಕಷ್ಟ ನಮಗೆ ಗೊತ್ತು. ಹನ್ನೊಂದು ತಿಂಗಳ ಅಗ್ರಿಮೆಂಟ್. ಮೊಳೆ ಹೊಡೆಯಬೇಡಿ ಎನ್ನುವ ಮಾಲೀಕರು. ಬಿಟ್ಟು ಹೋಗುವಾಗ ಪೇಂಟಿಂಗ್ ಹೆಸರಿನಲ್ಲಿ ಡಿಪಾಸಿಟ್‌ಗೆ ಕತ್ತರಿ. ಹೀಗಾಗಿ ಗೋಡೆಗೆ ಒಂದು ಕ್ಯಾಲೆಂಡರ್, ಒಂದು ದೇವರ ಫೋಟೊ, ಅಲ್ಲಿಗೆ ಮುಗಿಯಿತು. ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಸ್ವಂತ ಮನೆ ಆಗಲಿ, ಆಮೇಲೆ ನೋಡೋಣ." ಸ್ವಂತ ಮನೆ ಆಗುವ ಹೊತ್ತಿಗೆ ಮಕ್ಕಳು ಹಾಸ್ಟೆಲ್ ಸೇರಿರುತ್ತಾರೆ. ಅವರ ನೆನಪಿನಲ್ಲಿ "ನಮ್ಮ ಮನೆ" ಎಂದು ಉಳಿಯುವುದು ನಾವು ಖಾಲಿ ಬಿಟ್ಟ ಈ ಗೋಡೆಗಳೇ. ನನ್ನ ಮಾತಿನ ತಿರುಳು ಇಷ್ಟೇ: ಆಮೇಲೆ ಎಂದು ಮುಂದೂಡಬೇಕಾಗಿಲ್ಲ. ಗೋಡೆಯನ್ನು ಜೊತೆಗೇ ಒಯ್ಯುವ ಉಪಾಯ ಬಹಳ ಹಳೆಯದು.

ಐದಾರು ನೂರು ವರ್ಷಗಳ ಹಿಂದೆ ಯುರೋಪಿನ ರಾಜರೂ ದೊಡ್ಡ ಜಮೀನ್ದಾರರೂ ಒಂದೇ ಮನೆಯಲ್ಲಿ ನೆಲೆಯಾಗಿ ಇರುತ್ತಿರಲಿಲ್ಲ. ಪರಿವಾರ ಸಮೇತ ಒಂದು ಕೋಟೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದರು. ಹೋದಲ್ಲೆಲ್ಲ ಕಲ್ಲಿನ ಗೋಡೆ, ದೊಡ್ಡ ಕೋಣೆ, ಕೊರೆಯುವ ಚಳಿ, ಮಾತಾಡಿದರೆ ಪ್ರತಿಧ್ವನಿ. ಟ್ಯಾಪೆಸ್ಟ್ರಿಗಳನ್ನು ಸುರುಳಿ ಸುತ್ತಿ ಗಾಡಿಗೆ ಹೇರಿ ಒಯ್ಯುತ್ತಿದ್ದರು. ಹೊಸ ಕೋಟೆಯಲ್ಲಿ ಆಳುಗಳು ಅವನ್ನು ತೂಗುಹಾಕಿದರೆ ಅಪರಿಚಿತ ಕೋಣೆ ಅದೇ ಹಳೆಯ ಕೋಣೆಯಾಗುತ್ತಿತ್ತು. ಉಣ್ಣೆಯ ದಪ್ಪ ಬಟ್ಟೆಯಾದ್ದರಿಂದ ಚಳಿಗಾಳಿಗೂ ತಡೆ, ಸದ್ದಿಗೂ ತಡೆ. ಅಂದರೆ ಅದು ಶೋಕಿಯ ವಸ್ತುವಷ್ಟೇ ಆಗಿರಲಿಲ್ಲ. ಕೆಲಸ ಮಾಡುವ ಬಟ್ಟೆಯಾಗಿತ್ತು.

ಬರ್ಗಂಡಿಯ ದೊರೆ ಚಾರ್ಲ್ಸ್ ಅಂತೂ ಯುದ್ಧಕ್ಕೆ ಹೋಗುವಾಗಲೂ ಟ್ಯಾಪೆಸ್ಟ್ರಿಗಳನ್ನು ಬಿಡಲಿಲ್ಲ. 1476ರಲ್ಲಿ ಸ್ವಿಸ್ ಸೇನೆಯ ಎದುರು ಅವನು ಸೋತಾಗ ಪಾಳೆಯದಲ್ಲಿದ್ದ ಬೆಲೆಬಾಳುವ ವಸ್ತುಗಳೆಲ್ಲ ಕೊಳ್ಳೆ ಹೋದವು. ಅವನ ವಂಶದ ಲಾಂಛನವಿರುವ, ಮೈತುಂಬ ಹೂಗಳ ಒಂದು ಟ್ಯಾಪೆಸ್ಟ್ರಿ ಈಗಲೂ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಂನಲ್ಲಿದೆ. ಇಂಗ್ಲೆಂಡಿನ ಎಂಟನೆಯ ಹೆನ್ರಿ 1547ರಲ್ಲಿ ತೀರಿಕೊಂಡಾಗ ಅವನ ಆಸ್ತಿಯ ಪಟ್ಟಿ ಮಾಡಿದರು. ಅದರಲ್ಲಿ ಟ್ಯಾಪೆಸ್ಟ್ರಿಗಳೇ ಎರಡು ಸಾವಿರಕ್ಕೂ ಹೆಚ್ಚು ಇದ್ದವು. ಹ್ಯಾಮ್ಲೆಟ್ ನಾಟಕ ಓದಿದವರಿಗೆ ಮುದುಕ ಪೊಲೋನಿಯಸ್ ಪರದೆಯ ಹಿಂದೆ ಅಡಗಿ ನಿಂತು ಪ್ರಾಣ ಕಳೆದುಕೊಂಡದ್ದು ನೆನಪಿರಬಹುದು. ಆ ಪರದೆಯನ್ನು ಇಂಗ್ಲಿಷರು ಅರಾಸ್ ಎನ್ನುತ್ತಿದ್ದರು. ಅರಾಸ್ ಎನ್ನುವುದು ಉತ್ತರ ಫ್ರಾನ್ಸಿನ ನೇಕಾರರ ಊರು. ನಾವು "ಒಂದು ಇಳಕಲ್ ತಗೊಂಡೆ" ಎಂದರೆ ಊರಲ್ಲ, ಸೀರೆ ಎಂದು ತಿಳಿಯುವುದಿಲ್ಲವೆ? ಹಾಗೆಯೇ ಇದು.

ಇನ್ನು ಟ್ಯಾಪೆಸ್ಟ್ರಿ ಎಂದರೆ ನಿಜವಾಗಿ ಏನು ಎಂಬುದಕ್ಕೆ ಬರೋಣ. "ಹಾಸುಹೊಕ್ಕು" ಎಂಬ ಮಾತನ್ನು ದಿನವೂ ಬಳಸುತ್ತೇವೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡ ಹೋಗುವ ಎಳೆ ಹೊಕ್ಕು. ಸಾಮಾನ್ಯ ಬಟ್ಟೆಯಲ್ಲಿ ಹೊಕ್ಕಿನ ಎಳೆ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ಟ್ಯಾಪೆಸ್ಟ್ರಿಯಲ್ಲಿ ಹಾಗಲ್ಲ. ಕೆಂಪು ಎಳೆ ಕೆಂಪು ಬೇಕಾದಷ್ಟು ದೂರ ಮಾತ್ರ ಹೋಗಿ ಹಿಂತಿರುಗುತ್ತದೆ. ಪಕ್ಕದಲ್ಲಿ ಹಸಿರಿನದು ಬೇರೆ ಎಳೆ, ಹಳದಿಯದು ಬೇರೆ. ಹೊಕ್ಕನ್ನು ಎಷ್ಟು ಒತ್ತಾಗಿ ಬಡಿಯುತ್ತಾರೆ ಎಂದರೆ ಹಾಸು ಕಣ್ಣಿಗೇ ಬೀಳುವುದಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದದ್ದಲ್ಲ, ಹೊಲಿದದ್ದಲ್ಲ. ಚಿತ್ರವೇ ಬಟ್ಟೆ. ನನ್ನಂಥವಳಿಗೆ ಇದು ಪಿಕ್ಸೆಲ್ ಪಿಕ್ಸೆಲ್ ಆಗಿ ಪರದೆ ತುಂಬುವ ಕೆಲಸದಂತೆ ಕಾಣುತ್ತದೆ. ಕೈಯಲ್ಲಿರುವ ಬಣ್ಣ ಹದಿನೈದಿಪ್ಪತ್ತು. ಎರಡು ಬಣ್ಣದ ಎಳೆಗಳನ್ನು ಬಾಚಣಿಗೆಯ ಹಲ್ಲಿನಂತೆ ಒಂದರೊಳಗೊಂದು ನುಗ್ಗಿಸಿ, ನಡುವಿನ ಮೂರನೆಯ ಛಾಯೆ ಕಣ್ಣಿಗೆ ಕಾಣುವಂತೆ ಮಾಡುತ್ತಿದ್ದರು. ನೇಕಾರ ಕೂರುತ್ತಿದ್ದುದು ಬಟ್ಟೆಯ ಹಿಂಬದಿಗೆ. ಚಿತ್ರವನ್ನು ಬಹುಪಾಲು ಅಡ್ಡ ಮಲಗಿಸಿ ನೇಯುತ್ತಿದ್ದರು. ತಾನು ನೇಯ್ದ ಮುಖ ನೆಟ್ಟಗೆ ನಿಂತದ್ದನ್ನು ಅವನು ನೋಡುತ್ತಿದ್ದುದು ಎಲ್ಲ ಮುಗಿದು ಮಗ್ಗದಿಂದ ಬಿಚ್ಚಿದ ದಿನ.

ಹೆಸರಿನಲ್ಲಿ ಗೊಂದಲವಾಗದಿರಲಿ ಎಂದು ಒಂದು ಮಾತು. ಬಹಳ ಪ್ರಸಿದ್ಧವಾದ ಬೇಯೋ ಟ್ಯಾಪೆಸ್ಟ್ರಿ ಟ್ಯಾಪೆಸ್ಟ್ರಿಯೇ ಅಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹೊಲಿದದ್ದು ಅದು. ಸುಮಾರು 70 ಮೀಟರ್ ಉದ್ದ, ಅಗಲ ಮಾತ್ರ ಅರ್ಧ ಮೀಟರ್. ನಮ್ಮ ಲೆಕ್ಕದಲ್ಲಿ ಅದು ಕಸೂತಿ.

ನೇಯುವುದಕ್ಕೆ ಎಷ್ಟು ಕಾಲ ಬೇಕು? ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯ ಅರಮನೆಯನ್ನು ಐದನೆಯ ಜೇಮ್ಸ್ ರಾಜನ ಕಾಲದ ರೂಪಕ್ಕೆ ತರುವಾಗ, ಯೂನಿಕಾರ್ನ್ ಬೇಟೆಯ ಏಳು ಟ್ಯಾಪೆಸ್ಟ್ರಿಗಳನ್ನು ನ್ಯೂಯಾರ್ಕಿನಲ್ಲಿರುವ ಹಳೆಯ ಸರಣಿಯನ್ನು ನೋಡಿ ಮತ್ತೆ ಕೈಯಲ್ಲೇ ನೇಯಿಸಿದರು. ನಮ್ಮ ಕಾಲದ ಕೆಲಸ, ಪಳಗಿದ ನೇಕಾರರ ತಂಡ. ಆದರೂ ಏಳು ಪರದೆ ಮುಗಿಯಲು ಸುಮಾರು ಹದಿಮೂರು ವರ್ಷ ಹಿಡಿಯಿತು. ಹಳೆಯ ಕಾಲದ ಆ ನೇಕಾರರ ಹೆಸರು ಬಟ್ಟೆಯ ಮೇಲೆ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕೊಂಡವನ ಲಾಂಛನ ಮಾತ್ರ ಇರುತ್ತಿತ್ತು. ಆ ಉಣ್ಣೆಯನ್ನು ನೂತು ಕೊಟ್ಟ ಹೆಂಗಸರ ಹೆಸರಂತೂ ಕೇಳುವುದೇ ಬೇಡ.

ಹಾಗಾದರೆ ನಮ್ಮ ಕೈಗೆಟುಕುವ ದರದಲ್ಲಿ "ಮೀಡಿವಲ್ ಟ್ಯಾಪೆಸ್ಟ್ರಿ" ಎಂದು ಬರುವುದು ಯಾವುದು? ಮೂರು ಬಗೆ. ಒಂದು, ಪಾಲಿಯೆಸ್ಟರ್ ಮೇಲೆ ಮುದ್ರಿಸಿದ ಫೋಟೊ. ಎರಡು, ಜಾಕಾರ್ಡ್ ಯಂತ್ರಮಗ್ಗದಲ್ಲಿ ನೇಯ್ದದ್ದು. ಮೂರು, ಅಪರೂಪಕ್ಕೆ, ಕೈಯಲ್ಲಿ ನೇಯ್ದದ್ದು.

ಜಾಕಾರ್ಡ್ ಎಂದಾಗ ನನಗೆ ಸ್ವಲ್ಪ ಹೆಮ್ಮೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಾಕಾರ್ಡ್, ತೂತು ಹೊಡೆದ ಕಾರ್ಡುಗಳಿಂದ ಮಗ್ಗ ನಡೆಸುವ ಯಂತ್ರವನ್ನು ರೂಪಿಸಿದ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೆ, ಇಲ್ಲದಲ್ಲಿ ಕೆಳಗೆ. ಆ ಕಾರ್ಡಿನ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಮುಂದೆ ನಮ್ಮ ಹಿರಿಯ ಸಹೋದ್ಯೋಗಿಗಳು ಪಂಚ್ ಕಾರ್ಡ್ ಹಿಡಿದು ಪ್ರೋಗ್ರಾಂ ಬರೆಯುತ್ತಿದ್ದ ಕಾಲದವರೆಗೂ ಅದು ಬಂತು. ನನ್ನ ಅನ್ನದ ವಿದ್ಯೆಗೆ ಮಗ್ಗ ಮುತ್ತಜ್ಜಿ. ಆದ್ದರಿಂದ ಯಂತ್ರದಲ್ಲಿ ನೇಯ್ದದ್ದು ಎಂದು ಮೂಗು ಮುರಿಯುವವಳು ನಾನಲ್ಲ. ನನ್ನ ಮನೆಯಲ್ಲಿರುವುದೂ ಜಾಕಾರ್ಡ್ ಹತ್ತಿ ಬಟ್ಟೆಯೇ. ಆದರೆ ಮುದ್ರಿಸಿದ್ದಕ್ಕೆ ನೇಯ್ದದ್ದರ ಬೆಲೆ ಕೊಡಬಾರದು, ಯಂತ್ರದ್ದಕ್ಕೆ ಕೈಮಗ್ಗದ ಬೆಲೆ ಕೊಡಬಾರದು.

ಗುರುತಿಸುವುದು ಹೇಗೆ? ಇದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಅತ್ತೆ. ಅವರು ಹುಬ್ಬಳ್ಳಿ ಕಡೆಯವರು. ಪಾರ್ಸಲ್ ಬಿಚ್ಚಿದ ದಿನ ನಮ್ಮಲ್ಲೇ ಇದ್ದರು. ಮೊದಲು ಚಿತ್ರ ನೋಡಿ, "ಮೊಲಕ್ಕ ಕೋಡು ಇಲ್ಲ ಅಂತ ಕೇಳಿದ್ದೆ, ಇಲ್ಲಿ ಕುದುರಿಗೇ ಮೂಡೇತಲ್ಲವಾ!" ಎಂದು ನಕ್ಕರು. ಆಮೇಲೆ ಸೀದಾ ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದರು. "ಸೀರಿ ತಗೊಳ್ಳುವಾಗ ಮಾರಿ ನೋಡಬಾರದು, ಬೆನ್ನು ನೋಡಬೇಕು" ಎಂದರು. ಕಸೂತಿಯಲ್ಲಿ ಗವಂತಿ ಹೊಲಿಗೆಯ ಹೆಂಗಸಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಅಲ್ಲಿ ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು.

ಟ್ಯಾಪೆಸ್ಟ್ರಿಗೂ ಅದೇ ಪರೀಕ್ಷೆ. ಹಿಂಬದಿ ಬೆಳ್ಳಗಿದ್ದು ಬಣ್ಣ ಮಸುಕಾಗಿ ಇಳಿದಂತೆ ಕಂಡರೆ ಅದು ಮುದ್ರಣ. ಮುಂದಿನ ಚಿತ್ರವೇ ಬಣ್ಣ ಅದಲುಬದಲಾಗಿ ಕಂಡು, ಅಡ್ಡಡ್ಡ ಎಳೆಗಳು ಒಂದೇ ಶಿಸ್ತಿನಲ್ಲಿ ಓಡುತ್ತಿದ್ದರೆ ಜಾಕಾರ್ಡ್. ಬಣ್ಣ ಬದಲಾಗುವ ಕಡೆಯೆಲ್ಲ ದಾರದ ತುದಿಗಳು ಇಳಿಬಿದ್ದು, ಎರಡು ಬಣ್ಣ ಸೇರುವಲ್ಲಿ ಅಲ್ಲಲ್ಲಿ ಸಣ್ಣ ಸೀಳು ಕಂಡರೆ ಕೈನೇಯ್ಗೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಹಿಂಬದಿಯ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಎರಡನೆಯ ಸಂಗತಿ, ಯಾವ ಚಿತ್ರ? ದೇವರ ಫೋಟೊ ತರುವಾಗ ಯಾವ ದೇವರು ಎಂದು ನೋಡಿಯೇ ತರುತ್ತೇವೆ. ಇದಕ್ಕೂ ಕಥೆ ಇದೆ, ತಿಳಿದು ತರುವುದು ಒಳ್ಳೆಯದು.

ಹೆಚ್ಚು ಮಾರಾಟವಾಗುವ ಚಿತ್ರ "ಬಂಧನದ ಯೂನಿಕಾರ್ನ್." ದುಂಡು ಬೇಲಿಯೊಳಗೆ, ದಾಳಿಂಬೆ ಗಿಡಕ್ಕೆ ಸರಪಳಿಯಲ್ಲಿ ಕಟ್ಟಿಹಾಕಿದ ಬಿಳಿ ಪ್ರಾಣಿ. ಮೂಲ ಇರುವುದು ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಮ್ಯೂಸಿಯಂನಲ್ಲಿ, 1495ರಿಂದ 1505ರ ನಡುವಿನದು. ಮೈಮೇಲಿನ ಕೆಂಪು ಹನಿಗಳು ರಕ್ತವಲ್ಲ, ದಾಳಿಂಬೆ ಹಣ್ಣಿನ ರಸ ಎಂದು ವಿವರಿಸುತ್ತಾರೆ. ಆದರೆ ಅದೇ ಸರಣಿಯ ಬೇರೆ ಚಿತ್ರಗಳಲ್ಲಿ ಬೇಟೆ ಇದೆ, ಈಟಿ ಇದೆ, ನಾಯಿ ಇದೆ, ನಿಜವಾದ ರಕ್ತವೂ ಇದೆ. ಊಟದ ಮೇಜಿನ ಎದುರಿಗೆ ಅದನ್ನು ತೂಗುಹಾಕಿ ಆಮೇಲೆ ಮಗು "ಅಮ್ಮಾ, ಅದನ್ನ ಯಾಕೆ ಚುಚ್ಚುತ್ತಿದ್ದಾರೆ?" ಎಂದು ಕೇಳುವ ಮೊದಲೇ ಯೋಚಿಸಿ.

ನನಗೆ ಇಷ್ಟವಾದದ್ದು ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಂನಲ್ಲಿರುವ "ಮಹಿಳೆ ಮತ್ತು ಯೂನಿಕಾರ್ನ್." 1500ರ ಸುಮಾರಿನ ಆರು ಟ್ಯಾಪೆಸ್ಟ್ರಿಗಳ ಸರಣಿ. ಆರರಲ್ಲೂ ಒಬ್ಬ ಹೆಂಗಸು, ಒಂದು ಸಿಂಹ, ಒಂದು ಯೂನಿಕಾರ್ನ್. ಐದು ಚಿತ್ರಗಳು ಪಂಚೇಂದ್ರಿಯಗಳು. ಒಂದರಲ್ಲಿ ಅವಳು ಯೂನಿಕಾರ್ನ್‌ಗೆ ಕನ್ನಡಿ ತೋರಿಸುತ್ತಾಳೆ, ಅದು ನೋಟ. ಒಂದರಲ್ಲಿ ವಾದ್ಯ ನುಡಿಸುತ್ತಾಳೆ, ಅದು ಕಿವಿ. ಒಂದರಲ್ಲಿ ಹೂಮಾಲೆ ಕಟ್ಟುತ್ತಿದ್ದಾಳೆ, ಹಿಂದೆ ಕೋತಿಯೊಂದು ಹೂ ಮೂಸುತ್ತಿದೆ, ಅದು ವಾಸನೆ. ತಟ್ಟೆಯಿಂದ ಸಿಹಿ ತೆಗೆಯುವುದು ರುಚಿ. ಕೋಡನ್ನು ಮೆಲ್ಲಗೆ ಹಿಡಿಯುವುದು ಸ್ಪರ್ಶ. ಆರನೆಯದರಲ್ಲಿ ಒಂದು ಡೇರೆ, ಅದರ ಮೇಲೆ "ನನ್ನ ಏಕೈಕ ಬಯಕೆಗೆ" ಎಂಬ ಅರ್ಥದ ಫ್ರೆಂಚ್ ಬರಹ. ಸಖಿ ಒಡವೆ ಪೆಟ್ಟಿಗೆ ಹಿಡಿದಿದ್ದಾಳೆ. ಹೆಂಗಸಿನ ಕೈಯಲ್ಲಿ ಹಾರ. ಅವಳು ಹಾರವನ್ನು ಪೆಟ್ಟಿಗೆಗೆ ಇಡುತ್ತಿದ್ದಾಳೋ, ಪೆಟ್ಟಿಗೆಯಿಂದ ತೆಗೆಯುತ್ತಿದ್ದಾಳೋ? ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಕಣ್ಣು ಕಿವಿಗಳ ಆಸೆಯನ್ನು ದಾಟಿ ಒಡವೆಯನ್ನು ಬಿಟ್ಟುಕೊಡುತ್ತಿದ್ದಾಳೆ ಎಂದು ಕೆಲವರು, ಅಲ್ಲ, ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತಿದ್ದಾಳೆ ಎಂದು ಕೆಲವರು. ನಮ್ಮ ಮನೆಗೆ ಬಂದ ಗೆಳತಿಯರಲ್ಲಿ ಚಿನ್ನ ಲಾಕರಿನಲ್ಲಿಟ್ಟವರು "ಇಡುತ್ತಿದ್ದಾಳೆ" ಎನ್ನುತ್ತಾರೆ, ಮುಂದಿನ ವಾರ ಮದುವೆಗೆ ಹೋಗುವವರು "ತೆಗೆಯುತ್ತಿದ್ದಾಳೆ" ಎನ್ನುತ್ತಾರೆ. ಐದು ನೂರು ವರ್ಷ ಹಳೆಯ ಚಿತ್ರವೊಂದು ನಮ್ಮ ಹಾಲಿನಲ್ಲಿ ಹೀಗೆ ಮಾತು ಹುಟ್ಟಿಸಿದರೆ ಅದಕ್ಕಿಂತ ಅಲಂಕಾರ ಇನ್ನೇನು ಬೇಕು?

ಜನ ಚಿತ್ರವೇ ಬೇಡ ಎನ್ನುವವರಿಗೆ ಎಲೆ, ಗಿಡ, ಹಕ್ಕಿಗಳಷ್ಟೇ ಇರುವ "ವರ್ಡ್ಯೂರ್" ಎಂಬ ಬಗೆ ಇದೆ. ಚಿಕ್ಕ ಮನೆಗೆ ಇದೇ ಹಿತ. ಮಲಗುವ ಕೋಣೆಗೂ ಹೊಂದುತ್ತದೆ.

ಬಣ್ಣದ ಬಗ್ಗೆ ಒಂದು ಕಥೆ ಹೇಳಲೇಬೇಕು. ಪ್ಯಾರಿಸ್ಸಿನಲ್ಲಿ ಗೋಬ್ಲಾ ಎಂಬ ಸರ್ಕಾರಿ ಟ್ಯಾಪೆಸ್ಟ್ರಿ ಕಾರ್ಖಾನೆ ಇದೆ. 1662ರಿಂದ ಇದೆ. 1824ರಲ್ಲಿ ಅಲ್ಲಿನ ಬಣ್ಣದ ವಿಭಾಗದ ಮುಖ್ಯಸ್ಥನಾಗಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಬಂದ. ಕಪ್ಪು ದಾರಕ್ಕೆ ಕಪ್ಪು ಸಾಲದು, ಮಂಕಾಗಿ ಕಾಣುತ್ತದೆ ಎಂಬ ದೂರು ಇತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದ ನೀಲಿ, ನೇರಳೆ ಎಳೆಗಳಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದು ಅದರ ನೆರೆಹೊರೆಯ ಮೇಲೂ ನಿಂತಿದೆ ಎಂದು ಅವನು 1839ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ನಮಗೆ ಇದರಿಂದ ಸಿಗುವ ಪಾಠ ಸರಳ. ಕೆಂಪು ಟ್ಯಾಪೆಸ್ಟ್ರಿಯನ್ನು ಮೆರೂನ್ ಸೋಫಾದ ಹಿಂದೆ ಹಾಕಿದರೆ ಎರಡೂ ಸೊರಗುತ್ತವೆ. ತಿಳಿ ಕೆನೆ ಬಣ್ಣದ ಗೋಡೆ, ಮಣ್ಣು ಬಣ್ಣದ ಅಥವಾ ಬೂದು ಸೋಫಾ ಇದ್ದರೆ ಅದು ಎದ್ದು ಕಾಣುತ್ತದೆ. ಚಿತ್ರದೊಳಗಿನ ಯಾವುದಾದರೂ ಸಣ್ಣ ಬಣ್ಣವೊಂದನ್ನು ಆರಿಸಿ, ಒಂದು ಹೂವಿನ ನೀಲಿಯನ್ನೋ ಎಲೆಯ ಹಸಿರನ್ನೋ, ಕುಶನ್ ಕವರಿಗೆ ತನ್ನಿ. ಬೇರೇನೂ ಬೇಡ. ಎದುರಿಗೆ ಇನ್ನೊಂದು ದೊಡ್ಡ ಚಿತ್ರವಂತೂ ಬೇಡವೇ ಬೇಡ.

ಹಳೆಯವರ ಬಣ್ಣಗಳು ಬಹುಪಾಲು ಗಿಡದವು. ನಮ್ಮ ಮಂಜಿಷ್ಠದ ಜಾತಿಯ ಮ್ಯಾಡರ್ ಬೇರಿನಿಂದ ಕೆಂಪು, ವೋಡ್ ಎಂಬ ಎಲೆಯಿಂದ ನೀಲಿ, ವೆಲ್ಡ್ ಎಂಬ ಗಿಡದಿಂದ ಹಳದಿ. ನೀಲಿಯ ಮೇಲೆ ಹಳದಿ ಅದ್ದಿ ಹಸಿರು ಮಾಡುತ್ತಿದ್ದರು. ಬೆಳಕಿಗೆ ಮೊದಲು ಹಾರಿಹೋಗುವುದು ಹಳದಿ. ಅದಕ್ಕೇ ಎಷ್ಟೋ ಹಳೆಯ ಟ್ಯಾಪೆಸ್ಟ್ರಿಗಳಲ್ಲಿ ಇವತ್ತು ಹುಲ್ಲು, ಎಲೆ ಎಲ್ಲ ನೀಲಿಯಾಗಿ ಕಾಣುತ್ತವೆ. ರಾಜರ ಬಟ್ಟೆಯನ್ನೇ ಬಿಡದ ಬಿಸಿಲು ನಮ್ಮದನ್ನು ಬಿಟ್ಟೀತೆ? ಬಾಲ್ಕನಿಯ ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ.

ಈಗ ತೂಗುಹಾಕುವ ವಿಧಾನ. ಗಾತ್ರ ಮೊದಲು: ಸೋಫಾದ ಮೇಲೆ ಹಾಕುವುದಾದರೆ ಅದರ ಅಗಲದ ಮೂರರಲ್ಲಿ ಎರಡು ಪಾಲು ಇರಲಿ. ತೀರ ಮೇಲೆ, ಸೀಲಿಂಗಿಗೆ ಅಂಟಿಸಿದಂತೆ ಹಾಕಬೇಡಿ. ನಿಂತವರ ಕಣ್ಣಿನ ಮಟ್ಟಕ್ಕೆ ಚಿತ್ರದ ನಡುಭಾಗ ಬಂದರೆ ಸಾಕು.

ಎರಡು ಮೂಲೆಗೆ ಕ್ಲಿಪ್ ಹಾಕಿ ನೇತುಬಿಟ್ಟರೆ ಒಗೆದ ಬಟ್ಟೆ ಒಣಹಾಕಿದಂತೆ ನಡುವೆ ಜೋಲುತ್ತದೆ, ಎಳೆಗೂ ಕೇಡು. ಭಾರ ಇಡೀ ಅಗಲಕ್ಕೆ ಹಂಚಬೇಕು. ಹಿಂದೆ ಮೇಲಂಚಿಗೆ ದಪ್ಪ ಹತ್ತಿಬಟ್ಟೆಯ ಪಟ್ಟಿ ಹೊಲಿದು, ಲಂಗಕ್ಕೆ ಲಾಡಿ ತೂರಿಸುವಂತೆ ಅದರೊಳಗೆ ಪರದೆಯ ಕೋಲು ತೂರಿಸಿ. ಮ್ಯೂಸಿಯಂಗಳಲ್ಲಿ ವೆಲ್ಕ್ರೊ ಬಳಸುತ್ತಾರೆ: ಮೃದುವಾದ ಪಟ್ಟಿ ಬಟ್ಟೆಗೆ, ಒರಟಾದದ್ದು ಮರದ ರೀಪಿಗೆ. ಬೆಂಕಿ ಬಿದ್ದಾಗ ಒಂದೇ ಎಳೆತಕ್ಕೆ ಬಿಚ್ಚಿ ತೆಗೆಯಬಹುದು ಎಂಬುದೂ ಅದರ ಲಾಭ.

ಮೊಳೆಯ ಮಾತು. ನಮ್ಮ ಕಡೆಯ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಗೋಡೆಯೇ ಪೂರ್ತಿ ಕಾಂಕ್ರೀಟ್, ಸುತ್ತಿಗೆಯ ಮೊಳೆ ಬಾಗಿ ವಾಪಸ್ ಬರುತ್ತದೆ. ಮಾಲೀಕರ ಒಪ್ಪಿಗೆ ಇದ್ದರೆ ಹ್ಯಾಮರ್ ಡ್ರಿಲ್ ಇರುವವರನ್ನು ಕರೆಸಿ. ಇಲ್ಲದಿದ್ದರೆ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಮೊಳೆ, ಪರದೆಯ ಬ್ರಾಕೆಟ್ ಎಲ್ಲಿವೆ ನೋಡಿ. ಅಂಟು ಹುಕ್ ಬಳಸುವವರು ಮೊದಲು ಬಟ್ಟೆಯನ್ನೂ ಕೋಲನ್ನೂ ಸೇರಿಸಿ, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿ. ಹುಕ್ಕಿನ ಮೇಲೆ ಬರೆದ ತೂಕದ ಅರ್ಧಕ್ಕಿಂತ ಹೆಚ್ಚು ಹೊರೆ ಹಾಕಬೇಡಿ. ಸುಣ್ಣ ಉದುರುವ, ತೇವ ಇರುವ ಗೋಡೆಗೆ ಅಂಟು ನಿಲ್ಲುವುದಿಲ್ಲ. ಏನೂ ಆಗದಿದ್ದರೆ ಎರಡು ಕಾಲಿನ ಬಟ್ಟೆ ಸ್ಟ್ಯಾಂಡೇ ಸಾಕು, ಗೋಡೆ ಮುಟ್ಟುವುದೇ ಬೇಡ.

ಬಟ್ಟೆಗೂ ಗೋಡೆಗೂ ನಡುವೆ ಒಂದು ಇಂಚಾದರೂ ಗಾಳಿ ಆಡಲಿ. ಪೊಲೋನಿಯಸ್ ಅಡಗುವಷ್ಟು ಬೇಡ! ಈ ಸಂದಿನಿಂದ ಎರಡು ಉಪಯೋಗ. ಒಂದು, ಗೋಡೆಯ ತೇವ ಬಟ್ಟೆಗೆ ಇಳಿಯುವುದಿಲ್ಲ. ಇನ್ನೊಂದು, ದಪ್ಪ ಬಟ್ಟೆ ಮತ್ತು ಹಿಂದಿನ ಗಾಳಿ ಸೇರಿ ಕೋಣೆಯ ಪ್ರತಿಧ್ವನಿ ತಗ್ಗುತ್ತದೆ. ವರ್ಕ್ ಫ್ರಂ ಹೋಮ್ ಮಾಡುವವರು ಖಾಲಿ ಕೋಣೆಯಲ್ಲಿ ಒಮ್ಮೆ, ಬೆನ್ನ ಹಿಂದೆ ದಪ್ಪ ಬಟ್ಟೆ ಹಾಕಿ ಒಮ್ಮೆ ಮಾತಾಡಿ ರೆಕಾರ್ಡ್ ಮಾಡಿ ಕೇಳಿ. ತೆಳು ಪಾಲಿಯೆಸ್ಟರಿನಿಂದ ಈ ಉಪಕಾರ ಆಗದು.

ದೇವರ ಮನೆಯ ದೀಪ, ಊದುಬತ್ತಿ, ಅಡುಗೆಮನೆಯ ಒಗ್ಗರಣೆ ಹೊಗೆ, ಇವುಗಳ ಹತ್ತಿರ ಮಾತ್ರ ಖಂಡಿತ ಹಾಕಬೇಡಿ.

ನಮ್ಮ ಊರಿನ ದೊಡ್ಡ ಶತ್ರು ಮಳೆಗಾಲ. ಜೂನ್ ಬಂತೆಂದರೆ ಹೊರಗೋಡೆಗಳು ಒಳಗೂ ಬೆವರುತ್ತವೆ. ಅಂಗೈ ಇಟ್ಟು ನೋಡಿ, ತಣ್ಣಗೆ ಜಿಗುಟಾಗಿದ್ದರೆ ಬಟ್ಟೆ ಇಳಿಸಿ. ಇಳಿಸಿದ್ದನ್ನು ಮಡಚಬೇಡಿ, ಮಡಿಕೆಯಲ್ಲಿ ಎಳೆ ಮುರಿಯುತ್ತದೆ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತುವ ರಟ್ಟಿನ ಕೊಳವೆ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಅದಕ್ಕೆ ಚಿತ್ರ ಹೊರಮುಖವಾಗಿ ಸುರುಳಿ ಸುತ್ತಿ, ಒಗೆದ ಹಳೆಯ ಪಂಚೆ ಹೊದಿಸಿ ಇಡಿ. ಪ್ಲಾಸ್ಟಿಕ್ ಬೇಡ, ಬೂಷ್ಟು ಹಿಡಿಯುತ್ತದೆ. ಉಣ್ಣೆಯದಾದರೆ ನುಸಿಹುಳದ ಭಯ, ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ದೂಳಿಗೆ ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಎಳೆಯಿರಿ. ವಾಷಿಂಗ್ ಮಷೀನಿಗಂತೂ ಹಾಕಬೇಡಿ.

ಇಷ್ಟು ಜತನ ಒಂದು ಗೋಡೆಬಟ್ಟೆಗೆ ಬೇಕೆ ಎನ್ನುತ್ತೀರಾ? ಜತನ ಮಾಡದವರ ಕಥೆ ಕೇಳಿ. ಫ್ರಾನ್ಸಿನ ಆಂಜೆ ನಗರದಲ್ಲಿ 1377ರಿಂದ 1382ರ ನಡುವೆ ನೇಯಿಸಿದ ಮಹಾ ಟ್ಯಾಪೆಸ್ಟ್ರಿ ಇದೆ. ಈಗ ಉಳಿದಿರುವುದೇ ಸುಮಾರು ನೂರು ಮೀಟರ್. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅದನ್ನು ಕತ್ತರಿಸಿ ಕಾಲೊರೆಸು ಮಾಡಿದರು, ಕುದುರೆ ಲಾಯಕ್ಕೆ ಹೊಡೆದರು. ನ್ಯೂಯಾರ್ಕಿನ ಯೂನಿಕಾರ್ನ್ ಬೇಟೆಯ ಪರದೆಗಳನ್ನು ಆಗ ಲೂಟಿ ಮಾಡಿ ಆಲೂಗಡ್ಡೆ ಮುಚ್ಚಲು ಬ��ಸಿದ್ದರು ಎನ್ನುತ್ತಾರೆ. ಕ್ಲೂನಿಯ ನಮ್ಮ ಹೆಂಗಸು 1841ರಲ್ಲಿ ಬುಸಾಕ್ ಕೋಟೆಯಲ್ಲಿ ಪ್ರಾಸ್ಪರ್ ಮೆರಿಮೆ ಎಂಬ ಲೇಖಕನ ಕಣ್ಣಿಗೆ ಬಿದ್ದಾಗ ತೇವದಲ್ಲಿ ಹಾಳಾಗುತ್ತಿದ್ದಳು. ಮ್ಯೂಸಿಯಂ ಸೇರಿದ್ದು 1882ರಲ್ಲಿ. ಊರಿನ ಅಟ್ಟದ ಮೇಲೆ ಅಜ್ಜಿ ಹೊಲಿದ ಕೌದಿ ಮೂಟೆ ಕಟ್ಟಲು ಹೋಗಿದೆಯೇ, ಇದ್ದರೆ ಎಲ್ಲಿದೆ, ಒಮ್ಮೆ ಫೋನ್ ಮಾಡಿ ಕೇಳಿ.

ಕೊನೆಗೆ ದುಡ್ಡಿನ ಮಾತು. "ಇದರ ದುಡ್ಡಿಗೆ ಏರ್ ಫ್ರೈಯರ್ ಬರುತ್ತಿತ್ತಲ್ಲ" ಎಂದು ನಮ್ಮ ಯಜಮಾನರು ಕೇಳಿದ್ದರು. ನಾನು ಹೇಳಿದ್ದು ಇಷ್ಟೇ: ಈ ಮನೆಗೆ ಕಟ್ಟುವ ಬಾಡಿಗೆ ಪ್ರತಿ ತಿಂಗಳೂ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇದು ನಮ್ಮ ಜೊತೆ ಬರುತ್ತದೆ. ಆಮೇಲೆ ಎರಡು ಸಲ ಮನೆ ಬದಲಿಸಿದ್ದೇವೆ. ಎರಡೂ ಸಲ ಗ್ಯಾಸ್ ಸ್ಟವ್ ಜೋಡಿಸುವ ಮೊದಲೇ ನಮ್ಮ ಆರು ವರ್ಷದ ಮಗಳು "ಕೋಡಿನ ಕುದುರೆ ಎಲ್ಲಿ ಹಾಕೋದು?" ಎಂದು ಕೇಳಿದಳು. ಅದನ್ನು ಹಾಕಿದ ಮೇಲೆ ಹೊಸ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎನ್ನುವ ತಕರಾರು ಬರಲಿಲ್ಲ.

ಯುರೋಪಿನದೇ ಬೇಕೆಂದು ನನ್ನ ಹಟವಿಲ್ಲ. ಹೊಕ್ಕಿನಿಂದ ಹಾಸನ್ನು ಮುಚ್ಚಿ ಚಿತ್ರ ಮೂಡಿಸುವ ವಿದ್ಯೆ ನಮ್ಮ ಧಾರವಾಡ ಜಿಲ್ಲೆಯ ನವಲಗುಂದದಲ್ಲೂ ಇದೆ. ಅಲ್ಲಿನ ಜಮಖಾನಗಳನ್ನು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರೇ ನೇಯುತ್ತಾರೆ. ನವಿಲು, ಪಗಡೆ ಹಾಸು, ಜ್ಯಾಮಿತಿಯ ಆಕೃತಿಗಳು. ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ನೇಯುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ. ಕೈಯಲ್ಲಿ ನೇಯ್ದದ್ದೇ ಬೇಕು ಎನ್ನುವವರು ಅದನ್ನು ತಂದು ನೆಲಕ್ಕೆ ಹಾಸುವ ಬದಲು ಗೋಡೆಗೆ ಏರಿಸಿ. ನೇಯ್ದವಳ ಹೆಸರು ಕೇಳಿ, ಹಿಂಬದಿಗೆ ಒಂದು ಚೀಟಿಯಲ್ಲಿ ಬರೆದು ಹೊಲಿದಿಡಿ. ಮಧ್ಯಯುಗದವರು ಮಾಡದೆ ಬಿಟ್ಟ ಕೆಲಸ ಅದು. ನಾವು ಮಾಡಬಹುದು.

ಭಾಷಣದ ನಂತರ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ನಕಲು ತಾನೆ, ಅಸಲಿಯಂತೆ ಅದಕ್ಕೇಕೆ ಗೌರವ?" ನಕಲನ್ನು ನಕಲು ಎಂದೇ ಹೇಳಿ ತೂಗುಹಾಕಿದರೆ ಅದರಲ್ಲಿ ನಾಚಿಕೆ ಇಲ್ಲ. ನಮ್ಮ ದೇವರ ಮನೆಗಳಲ್ಲಿ ರವಿವರ್ಮನ ಲಕ್ಷ್ಮಿ ಇರುವುದೂ ಅಚ್ಚಿನ ಪ್ರತಿಯಾಗಿಯೇ. ಅದಕ್ಕೆ ಹೂ ಏರಿಸುವ ಕೈ ಅಸಲಿ ಎಲ್ಲಿದೆ ಎಂದು ಕೇಳುವುದಿಲ್ಲ.

ಮನೆಗೆ ಹೋದ ಮೇಲೆ ನಿಮ್ಮ ಖಾಲಿ ಗೋಡೆಯನ್ನು ಒಮ್ಮೆ ನೋಡಿ. ಮಳೆಗಾಲ ಮುಗಿಯಲು ಇನ್ನೂ ಸ್ವಲ್ಪ ದಿನ ಇದೆ. ಅಷ್ಟರಲ್ಲಿ ಅಳತೆ ತೆಗೆದಿಟ್ಟುಕೊಳ್ಳಿ.